ಪ್ರಾಚೀನ ಯಹೂದಿ ನಾಣ್ಯಗಳು: ಅಸಲಿ ಯಾವುದು, ನಕಲಿ ಯಾವುದು?

ಕ್ರಿ.ಶ. 66ರಲ್ಲಿ ರೋಮನ್ ಆಳ್ವಿಕೆಯ ವಿರುದ್ಧ ದಂಗೆಯೆದ್ದ ಜುದೇಯದ ಯಹೂದಿಗಳು ಹೆಚ್ಚು ತಡಮಾಡದೆ ತಮ್ಮದೇ ಬೆಳ್ಳಿಯ ನಾಣ್ಯವನ್ನು ಹೊರಡಿಸಿದರು. ಸ್ವಂತ ಬೆಳ್ಳಿ ನಾಣ್ಯವೆಂದರೆ ಅಂದಿನ ಕಾಲಕ್ಕೆ ಸ್ವತಂತ್ರ ಪ್ರಭುತ್ವದ ಘೋಷಣೆಯೇ ಆಗಿತ್ತು. ಶೆಕೆಲ್ ಎಂಬ ಹೆಸರಿನ, ಸುಮಾರು 14 ಗ್ರಾಂ ತೂಗುವ ಈ ನಾಣ್ಯದ ಒಂದು ಮುಖದಲ್ಲಿ ಪಾನಪಾತ್ರೆಯೂ ‘ಇಸ್ರೇಲಿನ ಶೆಕೆಲ್’ ಎಂಬ ಬರಹವೂ, ಇನ್ನೊಂದು ಮುಖದಲ್ಲಿ ಒಂದೇ ತೊಟ್ಟಿಗೆ ಹೊಂದಿಕೊಂಡ ಮೂರು ದಾಳಿಂಬೆಗಳೂ ‘ಪವಿತ್ರ ಜೆರುಸಲೇಮ್’ ಎಂಬ ಬರಹವೂ ಇವೆ. ದಂಗೆಯ ಒಂದರಿಂದ ಐದನೆಯ ವರ್ಷದವರೆಗೆ ಇದು ಟಂಕಗೊಂಡಿತು, ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ಬೆಂಕಿಗೆ ಆಹುತಿಯಾಗಿ ನಗರ ಬಿದ್ದ ಕಾರಣ ಐದನೆಯ ವರ್ಷದ ನಾಣ್ಯಗಳು ಬಹಳ ವಿರಳ. ಯಹೂದಿಗಳು, ಬೈಬಲ್ ಓದುವ ಕ್ರೈಸ್ತರು, ಇತಿಹಾಸಾಸಕ್ತರು, ಹೀಗೆ ಮೂರು ಬಗೆಯ ಜನ ಒಂದೇ ನಾಣ್ಯವನ್ನು ಹುಡುಕುವುದರಿಂದ ಅದರ ಬೆಲೆ ಏರಿದೆ, ಬೆಲೆ ಏರಿದಲ್ಲೆಲ್ಲ ಖೋಟಾ ನಾಣ್ಯವೂ ಬಂದಿದೆ.

ಈ ಖೋಟಾ ವ್ಯವಹಾರ ಹೊಸದಲ್ಲ. ‘ಗೋರ್ಲಿಟ್ಸ್ ಶೆಕೆಲ್’ ಎಂದು ಕರೆಯುವ ನಾಣ್ಯರೂಪದ ಬಿಲ್ಲೆಗಳು ಹದಿನಾರನೆಯ ಶತಮಾನದಿಂದಲೂ ಯುರೋಪಿನಲ್ಲಿ ಓಡಾಡುತ್ತಿವೆ. ಜರ್ಮನಿಯ ಗೋರ್ಲಿಟ್ಸ್ ಪಟ್ಟಣದಲ್ಲಿ ಯೇಸುವಿನ ಸಮಾಧಿಯ ಪ್ರತಿಕೃತಿಯೊಂದಿದ್ದು, ಅಲ್ಲಿಗೆ ಬರುವ ಯಾತ್ರಿಕರಿಗೆ ಇವನ್ನು ಮಾರುತ್ತಿದ್ದರೆಂಬ ಕಾರಣಕ್ಕೆ ಈ ಹೆಸರು ಬಂದಿದೆ. ಇವುಗಳ ಪಾತ್ರೆಯಿಂದ ಧೂಪದ ಹೊಗೆ ಏಳುತ್ತದೆ, ದಾಳಿಂಬೆಗಳ ಜಾಗದಲ್ಲಿ ಎಲೆ ತುಂಬಿದ ಕೊಂಬೆಯಿದೆ, ಅಕ್ಷರಗಳು ಇಂದಿನ ಹೀಬ್ರೂ ಪುಸ್ತಕಗಳಲ್ಲಿ ಕಾಣುವ ಚೌಕಾಕಾರದವು. ಅಸಲಿ ಶೆಕೆಲ್‌ಗಳ ಮೇಲಿರುವುದಾದರೋ, ದಂಗೆಯ ಹೊತ್ತಿಗಾಗಲೇ ದಿನಬಳಕೆಯಿಂದ ಮರೆಯಾಗಿದ್ದು ಹಳೆಯ ವೈಭವದ ನೆನಪಿಗಾಗಿ ಬಳಸಿದ ಪ್ರಾಚೀನ ಹೀಬ್ರೂ ಲಿಪಿ. ಈ ಒಂದು ವ್ಯತ್ಯಾಸವನ್ನು ಬಲ್ಲವನು ಗೋರ್ಲಿಟ್ಸ್ ಶೆಕೆಲ್ಲಿಗೆ ಎಂದೂ ಮೋಸಹೋಗಲಾರ. ಆದರೆ ನಂತರದ ಖೋಟಾ ತಯಾರಕರು ಅಸಲಿ ನಾಣ್ಯವನ್ನೇ ಎದುರಿಗಿಟ್ಟುಕೊಂಡು ಕೆಲಸ ಮಾಡಿದವರು. ಅವರ ಮಾಲನ್ನು ಗುರುತಿಸಲು ಚಿತ್ರ, ಲಿಪಿಗಳ ಪರಿಚಯವಷ್ಟೇ ಸಾಲದು, ನಾಣ್ಯ ಹೇಗೆ ತಯಾರಾಗುತ್ತಿತ್ತೆಂಬುದು ತಿಳಿದಿರಬೇಕು.

ಪ್ರಾಚೀನ ಟಂಕಸಾಲೆಯಲ್ಲಿ ಲೋಹದ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಮೇಲಿನಿಂದ ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಆ ಏಟಿಗೆ ಲೋಹ ಅಚ್ಚಿನ ತಗ್ಗುಗಳೊಳಗೆ ನುಗ್ಗುವುದರಿಂದ ಅಕ್ಷರಗಳ ಬದಿ ಕಡಿದಾಗಿ, ಸ್ಪಷ್ಟವಾಗಿ ನಿಲ್ಲುತ್ತದೆ, ಅಂಚಿನ ಕಡೆಗೆ ಲೋಹ ಹರಿದ ಸೂಕ್ಷ್ಮ ಗೆರೆಗಳು ಉಳಿಯುತ್ತವೆ. ಅಗ್ಗದ ಖೋಟಾ ನಾಣ್ಯ ಬಹುಮಟ್ಟಿಗೆ ಎರಕದ್ದು: ಅಸಲಿಯಿಂದ ಮೂಸೆ ತೆಗೆದು ಕರಗಿದ ಲೋಹ ಹೊಯ್ದಾಗ ಅಕ್ಷರಗಳ ಮೂಲೆಗಳು ಬಳಸಿ ಸವೆದ ಸೋಪಿನಂತೆ ನುಣ್ಣಗಾಗುತ್ತವೆ, ಗಾಳಿಗುಳ್ಳೆಗಳು ಸಿಕ್ಕಿಕೊಂಡಲ್ಲಿ ಸೂಜಿಮೊನೆಯಂಥ ತೂತುಗಳು ಬೀಳುತ್ತವೆ, ಲೋಹ ತಣಿಯುವಾಗ ಕುಗ್ಗುವುದರಿಂದ ನಕಲು ಮೂಲಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗುತ್ತದೆ. ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ ಹಿಡಿದವರು ಮೊದಲು ನೋಡಬೇಕಾದದ್ದು ಮುಖವನ್ನಲ್ಲ, ಅಂಚನ್ನು. ಮೂಸೆಯ ಎರಡು ಹೋಳುಗಳು ಕೂಡಿದಲ್ಲಿ ಸುತ್ತಲೂ ಗೆರೆ ಏಳುತ್ತದೆ; ಆ ಗೆರೆಯನ್ನು ಅಳಿಸಲು ಅರದಿಂದ ಉಜ್ಜಿದರೆ ಗೀರುಗಳು ಉಳಿಯುತ್ತವೆ. ದಂಗೆಯ ಕಾಲದ ಅಸಲಿ ಶೆಕೆಲ್‌ಗಳ ಅಂಚಿನಲ್ಲಾದರೋ ಸುತ್ತಿಗೆಯಿಂದ ತಟ್ಟಿ ಸರಿಪಡಿಸಿದ ಗುರುತು ಕಾಣುತ್ತದೆ.

ಇಷ್ಟನ್ನು ಕಲಿತ ಹೊಸ ಸಂಗ್ರಾಹಕ ಕಂಚಿನ ನಾಣ್ಯಗಳಲ್ಲಿ ಎಡವುವುದುಂಟು. ಹಸ್ಮೋನಿಯ ವಂಶದ ಅರಸ ಅಲೆಕ್ಸಾಂಡರ್ ಯನ್ನಾಯ್ ಕ್ರಿ.ಪೂ. 76ರಲ್ಲಿ ತೀರಿಕೊಳ್ಳುವವರೆಗೆ ಅಪಾರ ಸಂಖ್ಯೆಯಲ್ಲಿ ಹೊರಡಿಸಿದ, ಒಂದು ಕಡೆ ಲಂಗರು, ಇನ್ನೊಂದು ಕಡೆ ನಕ್ಷತ್ರವಿರುವ ‘ಪ್ರುಟಾ’ ಎಂಬ ಚಿಕ್ಕಾಸು ಇಂದಿಗೂ ಕೈಗೆಟುಕುವ ಬೆಲೆಗೆ ಸಿಗುತ್ತದೆ. ಬೈಬಲಿನ ಬಡ ವಿಧವೆ ಕಾಣಿಕೆ ಹಾಕಿದ ಕಾಸು ಇದೇ ಎಂದು ವ್ಯಾಪಾರಿಗಳು ಇದನ್ನೇ ಮಾರುತ್ತಾರೆ. ಇದರ ಬಿಲ್ಲೆಗಳನ್ನು ಮೆತು ಸುಣ್ಣಕಲ್ಲಿನ ಅಚ್ಚುಗಳಲ್ಲಿ ಸಾಲಾಗಿ ಎರಕ ಹೊಯ್ದು, ಅನಂತರ ಟಂಕಿಸಿ ಬಿಡಿಸುತ್ತಿದ್ದರು. ಆದ್ದರಿಂದ ಅಸಲಿ ಪ್ರುಟಾದ ಅಂಚು ಇಳಿಜಾರಾಗಿ, ಒಂದೆರಡು ಕಡೆ ಪಕ್ಕದ ಬಿಲ್ಲೆಗೆ ಅಂಟಿಕೊಂಡಿದ್ದ ಲೋಹದ ಮೋಟು ಚಾಚಿಕೊಂಡಿರುತ್ತದೆ. ಎರಕದ ಗುರುತು ಕಂಡದ್ದೆಲ್ಲ ನಕಲಿ ಎಂಬ ನಿಯಮ ಹಿಡಿದವನು ಇಲ್ಲಿ ಅಸಲಿಯನ್ನೇ ತಿರಸ್ಕರಿಸುತ್ತಾನೆ. ತೂಕವೂ ಒಂದು ಪ್ರುಟಾದಿಂದ ಇನ್ನೊಂದಕ್ಕೆ ಬಹಳ ಬದಲಾಗುವುದರಿಂದ ಶೆಕೆಲ್ಲಿಗೆ ಒದಗುವ ತಕ್ಕಡಿಯ ಸಾಕ್ಷ್ಯ ಇಲ್ಲಿ ನಡೆಯುವುದಿಲ್ಲ.

ಅಸಲಿ ನಾಣ್ಯವನ್ನೇ ಮಾದರಿಯಾಗಿಟ್ಟು ಹೊಸ ಅಚ್ಚು ತಯಾರಿಸಿ, ಒಳ್ಳೆಯ ಬೆಳ್ಳಿಯ ಮೇಲೆ ಟಂಕಿಸಿದ ಖೋಟಾ ನಾಣ್ಯ ಇನ್ನೂ ಅಪಾಯಕಾರಿ. ಅದರಲ್ಲಿ ಎರಕದ ದೋಷಗಳಿಲ್ಲ, ಲೋಹದ ಪರೀಕ್ಷೆಯಲ್ಲೂ ಅದು ಪಾರಾಗುತ್ತದೆ. ಇಲ್ಲಿ ನೆರವಿಗೆ ಬರುವುದು ಹೋಲಿಕೆ. ಒಂದೇ ಅಚ್ಚಿನಿಂದ ಬಂದ ಎರಡು ಅಸಲಿ ನಾಣ್ಯಗಳಲ್ಲಿ ಅಕ್ಷರಗಳು ಒಂದೇ ಆಗಿದ್ದರೂ ಬಿಲ್ಲೆಯ ಆಕಾರ, ಏಟು ಬಿದ್ದ ಜಾಗ, ಬಳಕೆಯಲ್ಲಿ ಬಿದ್ದ ಗಾಯಗಳು ಬೇರೆಬೇರೆ. ಎರಡರಲ್ಲೂ ಒಂದೇ ಜಾಗದಲ್ಲಿ ಒಂದೇ ಗಾಯ ಕಂಡರೆ ಎರಡರಲ್ಲಿ ಒಂದಾದರೂ ನಕಲಿ. ಶೆಕೆಲ್ಲಿನ ವಿವರಗಳೂ ವರ್ಷಕ್ಕೆ ತಕ್ಕಂತೆ ಇರಬೇಕು: ಮೊದಲನೆಯ ವರ್ಷದ ಪಾತ್ರೆಯ ಬಾಯಿ ಬೋಳಾಗಿದೆ, ಎರಡನೆಯ ವರ್ಷದಿಂದ ಅದರ ಸುತ್ತ ಮುತ್ತಿನ ಸಾಲು ಬರುತ್ತದೆ, ಜೆರುಸಲೇಮಿನ ಹೆಸರಿನ ಕಾಗುಣಿತವೂ ಬದಲಾಗುತ್ತದೆ. ಒಂದು ವರ್ಷದ ಪಾತ್ರೆಗೆ ಇನ್ನೊಂದು ವರ್ಷದ ಬರಹ ಜೋಡಿಸಿದ ನಾಣ್ಯ ಕಂಡರೆ ಕೈಬಿಡುವುದೇ ಲೇಸು.

ಎಲ್ಲಕ್ಕಿಂತ ಕುತೂಹಲಕರವಾದುವು ಕ್ರಿ.ಶ. 132ರಲ್ಲಿ ಹೊತ್ತಿಕೊಂಡ ಬಾರ್ ಕೋಖ್ಬಾ ದಂಗೆಯ ನಾಣ್ಯಗಳು. ಬಂಡಾಯಗಾರರು ಹೊಸ ಬಿಲ್ಲೆಗಳನ್ನು ಮಾಡಲಿಲ್ಲ. ಚಲಾವಣೆಯಲ್ಲಿದ್ದ ನಾಣ್ಯಗಳನ್ನೇ ತೆಗೆದುಕೊಂಡು, ರೋಮನ್ ಚಕ್ರವರ್ತಿಯ ಮುಖದ ಮೇಲೆ ದೇವಾಲಯ, ದ್ರಾಕ್ಷಿಗೊಂಚಲು, ತಾಳೆಮರಗಳ ಅಚ್ಚು ಹೊಡೆದರು. ಶಕ ಕ್ಷತ್ರಪ ನಹಪಾನನ ಬೆಳ್ಳಿ ನಾಣ್ಯಗಳ ಮೇಲೆ ಗೌತಮೀಪುತ್ರ ಶಾತಕರ್ಣಿ ತನ್ನ ಮುದ್ರೆ ಒತ್ತಿಸಿದ್ದನ್ನು ಬಲ್ಲ ನಮ್ಮ ಓದುಗರಿಗೆ ಈ ಕ್ರಮದ ಹಿಂದಿನ ರಾಜಕೀಯವನ್ನು ಬಿಡಿಸಿ ಹೇಳಬೇಕಿಲ್ಲ. ಪುನರ್ಟಂಕಿತ ನಾಣ್ಯದಲ್ಲಿ ದ್ರಾಕ್ಷಿಗೊಂಚಲಿನ ಸಂದಿಯಲ್ಲಿ ಚಕ್ರವರ್ತಿಯ ಮೂಗೋ, ಹೀಬ್ರೂ ಅಕ್ಷರಗಳ ನಡುವೆ ಗ್ರೀಕ್ ಅಕ್ಷರದ ಬಾಲವೋ ಇಣುಕುವುದುಂಟು. ಇದು ಬಲವಾದ ಸಾಕ್ಷ್ಯ, ಕೊನೆಯ ಸಾಕ್ಷ್ಯವಲ್ಲ. ಎರಕದ ನಕಲು ಅಡಿಯ ಗುರುತನ್ನೂ ನಕಲು ಮಾಡಬಲ್ಲದು. ಆಗ ಲಿಯೋ ಮಿಲ್ಡೆನ್‌ಬರ್ಗ್ 1984ರಲ್ಲಿ ಪ್ರಕಟಿಸಿದ, ಈ ದಂಗೆಯ ನಾಣ್ಯಗಳ ಅಚ್ಚುಗಳನ್ನು ವಿಂಗಡಿಸಿ ತೋರಿಸುವ ಗ್ರಂಥದ ಮೊರೆಹೋಗಬೇಕು.

ಕಿಲುಬಿನ ಬಗ್ಗೆ ಒಂದು ಮಾತು. ಶತಮಾನಗಳ ಕಾಲ ಮಣ್ಣಿನಲ್ಲಿದ್ದ ಕಂಚಿನ ಕಿಲುಬು ಲೋಹದಿಂದಲೇ ಬೆಳೆದ ಪದರವಾಗಿರುವುದರಿಂದ ಸುಲಭಕ್ಕೆ ಬಿಡುವುದಿಲ್ಲ. ಜುದೇಯದ ನಾಣ್ಯಗಳ ಅಕ್ಷರಸಂದಿಗಳಲ್ಲಿ ಕಾಣುವ ಮರಳುಬಣ್ಣದ ಲೇಪಕ್ಕೆ ಮಾರುಕಟ್ಟೆಯಲ್ಲಿ ಒಲವು ಹೆಚ್ಚಿದಂತೆ ಮರಳನ್ನು ಅಂಟಿಸಿ ಕೊಡುವವರೂ ಹುಟ್ಟಿಕೊಂಡಿದ್ದಾರೆ; ಅಸಿಟೋನಿನಲ್ಲಿ ಅದ್ದಿದಾಗ ಲೇಪ ಕರಗಿದರೆ ಅದು ಅಂಟಿನದು. ಲೇಪ ಕೃತಕವಾದ ಮಾತ್ರಕ್ಕೆ ನಾಣ್ಯವೂ ನಕಲಿಯೆನ್ನಲಾಗದು, ಆದರೆ ಮಾರಿದವನ ಮಾತನ್ನು ಮತ್ತೆ ನಂಬುವುದು ಕಷ್ಟ.

ನಾಣ್ಯ ಅಸಲಿಯಾಗಿದ್ದರೂ ಅದು ಬಂದ ದಾರಿ ನೇರವಾಗಿರಬೇಕೆಂಬುದನ್ನು ಸಂಗ್ರಾಹಕರು ಹಲವು ಬಾರಿ ಮರೆಯುತ್ತಾರೆ. ಇಸ್ರೇಲಿನ 1978ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೆಲದಿಂದ ಹೊಸದಾಗಿ ದೊರೆತ ಪ್ರಾಚ್ಯವಸ್ತು ಸರ್ಕಾರದ ಸ್ವತ್ತು, ದೇಶದಿಂದ ಹೊರಗೆ ಸಾಗಿಸಲು ಅನುಮತಿ ಬೇಕು. ಮೊದಲ ದಂಗೆಯ ನಾಲ್ಕನೆಯ ವರ್ಷದ ಅತಿವಿರಳ ಕಾಲು ಶೆಕೆಲ್ ಒಂದನ್ನು ಅಮೆರಿಕದ ಅಧಿಕಾರಿಗಳು 2022ರಲ್ಲಿ ಇಸ್ರೇಲಿಗೆ ಒಪ್ಪಿಸಿದರು. ಅದು ಅಪ್ಪಟ ಅಸಲಿ, ಆದರೆ ಕಳ್ಳರು ನೆಲ ಅಗೆದು ತೆಗೆದದ್ದು. ಅಂಥ ಅಗೆತದಲ್ಲಿ ನಾಣ್ಯ ಯಾವ ಪದರದಲ್ಲಿ, ಯಾವುದರ ಜೊತೆ ಇತ್ತೆಂಬ ಮಾಹಿತಿ ಶಾಶ್ವತವಾಗಿ ನಾಶವಾಗುತ್ತದೆ. 1963ರಿಂದ 1965ರವರೆಗೆ ಯಿಗಾಯೆಲ್ ಯಾದಿನ್ ಮಸಾದಾ ಕೋಟೆಯಲ್ಲಿ ನಡೆಸಿದ ಉತ್ಖನನದಲ್ಲಿ ಐದನೆಯ ವರ್ಷದ ಶೆಕೆಲ್‌ಗಳು ದೊರೆತಾಗ ಅವು ಸಿಕ್ಕ ಜಾಗದ ದಾಖಲೆಯೂ ಜೊತೆಗೇ ಉಳಿಯಿತು. ಅವುಗಳ ಅಸಲಿತನವನ್ನು ಯಾರೂ ಸಂಶಯಿಸಬೇಕಾಗಿಲ್ಲ.

ಈ ಹವ್ಯಾಸಕ್ಕೆ ಇಳಿಯುವವರು ಮೊದಲ ನಾಣ್ಯಕ್ಕಿಂತ ಮೊದಲು ಯಾಕೋವ್ ಮೆಶೋರರ್ ಅವರ ಯಹೂದಿ ನಾಣ್ಯಗಳ ಸೂಚಿಯನ್ನೂ, ಖೋಟಾ ನಾಣ್ಯಗಳ ಮೇಲೆಯೇ ಡೇವಿಡ್ ಹೆಂಡಿನ್ 2005ರಲ್ಲಿ ಹೊರತಂದ ಪುಸ್ತಕವನ್ನೂ ಕೊಳ್ಳಬೇಕು. ಮೊದಲ ಖರೀದಿ ಶೆಕೆಲ್ ಆಗಿರದೆ ಪ್ರುಟಾ ಆಗಿರಲಿ. ನಾಣ್ಯದ ಹಿಂದಿನ ಒಡೆಯರ ಕಾಗದಪತ್ರಗಳನ್ನೂ, ನಕಲಿ ಎಂದು ತಿಳಿದರೆ ಯಾವಾಗ ಬೇಕಾದರೂ ಹಣ ಹಿಂದಿರುಗಿಸುವ ಲಿಖಿತ ಭರವಸೆಯನ್ನೂ ಕೊಡಲೊಪ್ಪದ ವ್ಯಾಪಾರಿಯಿಂದ ಏನನ್ನೂ ಕೊಳ್ಳಬಾರದು.