ಮಾಲಿನ್ಯ ನಿಯಂತ್ರಣ ತಂತ್ರಜ್ಞ: ಪಿಯುಸಿ ನಂತರ ಇನ್ನೊಂದು ದಾರಿ
ವಿಜ್ಞಾನ ಓದಿದವರಿಗೆ ವೈದ್ಯಕೀಯ, ಎಂಜಿನಿಯರಿಂಗ್ ಎರಡೇ ದಾರಿಗಳಲ್ಲ. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆಯಂತೆ ಕಾರ್ಖಾನೆಗಳ ತ್ಯಾಜ್ಯ ನೀರು, ಹೊಗೆ ನಿಗದಿತ ಮಿತಿಯೊಳಗಿರಬೇಕು. ಅದನ್ನು ಪರೀಕ್ಷಿಸಲು ತಂತ್ರಜ್ಞರು ಬೇಕು. ರಸಾಯನಶಾಸ್ತ್ರ ಅಥವಾ ಪರಿಸರ ವಿಜ್ಞಾನದಲ್ಲಿ ಬಿ.ಎಸ್ಸಿ. ಇದಕ್ಕೆ ಒಳ್ಳೆಯ ಬುನಾದಿ.

ತರಬೇತಿಯ ಮೊದಲ ಪಾಠ ಮಾದರಿ ಸಂಗ್ರಹ. ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯಲು ಬಾಟಲಿಯಲ್ಲಿ ಗಾಳಿಗುಳ್ಳೆ ಉಳಿಯದಂತೆ ತುಂಬಬೇಕು. ಉಳಿದರೆ ಲೆಕ್ಕ ತಪ್ಪುತ್ತದೆ. ಬಿಒಡಿ ಪರೀಕ್ಷೆಗೆ ಮಾದರಿಯನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಇಡುತ್ತಾರೆ. ಸೂಕ್ಷ್ಮಜೀವಿಗಳು ಬಳಸಿದ ಆಮ್ಲಜನಕ ಹೆಚ್ಚಾದಷ್ಟೂ ನೀರು ಹೆಚ್ಚು ಮಲಿನ. ಇದಕ್ಕೆ ಬೇಕಾದ ಬ್ಯುರೆಟ್, ಪಿಪೆಟ್ ಬಳಕೆಯನ್ನು ನಾವು ಕಾಲೇಜಿನ ಲ್ಯಾಬಿನಲ್ಲೇ ಕಲಿಯುತ್ತೇವೆ.

ಸುಳ್ಳು ಅಂಕಿ ಬರೆದರೆ ಕೊಳಕು ನೀರು ಯಾರದೋ ಬಾವಿ ಸೇರುತ್ತದೆ. ಹಾಗಾಗಿ ಆ ಬಾಟಲಿ ತಂತ್ರಜ್ಞರ ಕೈಗೆ ಒಪ್ಪಿಸಿದ ಅಮಾನತ್.