ಡಿಕ್ಕಿಯೊಳಗೆ ಕೈದಿ, ಎದುರುಮನೆಯಲ್ಲಿ ಎಫ್‌ಬಿಐ

‘ದಿ ಅಮೆರಿಕನ್ಸ್’ ಧಾರಾವಾಹಿಯ ಮೊದಲ ಕಂತು 2013ರ ಜನವರಿ 30ರಂದು ಅಮೆರಿಕದ ಎಫ್‌ಎಕ್ಸ್ ವಾಹಿನಿಯಲ್ಲಿ ಪ್ರಸಾರವಾಯಿತು. ಕಥೆ ನಡೆಯುವುದು 1981ರಲ್ಲಿ, ರೊನಾಲ್ಡ್ ರೇಗನ್ ಅಧ್ಯಕ್ಷರಾದ ಹೊಸತರಲ್ಲಿ. ವಾಷಿಂಗ್ಟನ್ನಿಗೆ ಹತ್ತಿರದ ಫಾಲ್ಸ್ ಚರ್ಚ್ ಎಂಬ ಊರಿನಲ್ಲಿ ಫಿಲಿಪ್ ಮತ್ತು ಎಲಿಜಬೆತ್ ಜೆನ್ನಿಂಗ್ಸ್ ಎಂಬ ಗಂಡ ಹೆಂಡತಿ ಟ್ರಾವೆಲ್ ಏಜೆನ್ಸಿ ನಡೆಸಿಕೊಂಡಿದ್ದಾರೆ. ಪೇಜ್, ಹೆನ್ರಿ ಎಂಬ ಇಬ್ಬರು ಮಕ್ಕಳು. ಅಕ್ಕಪಕ್ಕದವರಿಗೆ ತಿಳಿದಿರುವುದು ಇಷ್ಟೇ. ನಿಜದಲ್ಲಿ ಗಂಡ ಹೆಂಡತಿ ಇಬ್ಬರೂ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಯವರು. ಅವರ ಹೆಸರು, ಹುಟ್ಟೂರು, ಮದುವೆ ಎಲ್ಲವೂ ಮಾಸ್ಕೋದವರು ಕಟ್ಟಿಕೊಟ್ಟದ್ದು. ಹೆತ್ತ ಮಕ್ಕಳಿಗೂ ಇದರ ಸುಳಿವಿಲ್ಲ.

ಇಂಥವರನ್ನು ಗುಪ್ತಚರರ ಭಾಷೆಯಲ್ಲಿ ‘ಇಲ್ಲೀಗಲ್ಸ್’ ಎನ್ನುತ್ತಾರೆ. ರಾಯಭಾರ ಕಚೇರಿಯ ನೌಕರನ ಸೋಗಿನಲ್ಲಿರುವ ಗೂಢಚಾರ ಸಿಕ್ಕಿಬಿದ್ದರೆ ರಾಜತಾಂತ್ರಿಕ ವಿನಾಯಿತಿ ಅವನನ್ನು ಕಾಯುತ್ತದೆ. ಹೆಚ್ಚೆಂದರೆ ದೇಶದಿಂದ ಹೊರಹಾಕುತ್ತಾರೆ. ಇವರಿಗೆ ಆ ರಕ್ಷಣೆ ಇಲ್ಲ, ನೇರ ಜೈಲು. 1957ರಲ್ಲಿ ನ್ಯೂಯಾರ್ಕಿನಲ್ಲಿ ಸಿಕ್ಕಿಬಿದ್ದ ರುಡಾಲ್ಫ್ ಏಬೆಲ್ ಈ ಜಾತಿಯವನೇ. ಸೋವಿಯತ್ ನೆಲದ ಮೇಲೆ ಉರುಳಿಬಿದ್ದ ಯು-2 ವಿಮಾನದ ಚಾಲಕ ಗ್ಯಾರಿ ಪವರ್ಸ್‌ನನ್ನು ಬಿಡಿಸಿಕೊಳ್ಳಲು ಅಮೆರಿಕ 1962ರಲ್ಲಿ ಏಬೆಲ್‌ನನ್ನು ಬಿಟ್ಟುಕೊಟ್ಟಿತು.

ಆದರೆ ಧಾರಾವಾಹಿಗೆ ಪ್ರೇರಣೆಯಾದ ಘಟನೆ ತೀರ ಈಚಿನದು. 2010ರ ಜೂನ್‌ನಲ್ಲಿ ಎಫ್‌ಬಿಐ ಅಮೆರಿಕದ ಬೇರೆ ಬೇರೆ ಊರುಗಳಲ್ಲಿ ಹತ್ತು ಮಂದಿ ರಷ್ಯನ್ ಗೂಢಚಾರರನ್ನು ಹಿಡಿಯಿತು. ಅವರಲ್ಲಿ ಸಂಸಾರಸ್ಥರಿದ್ದರು, ಮಕ್ಕಳೊಂದಿಗರಿದ್ದರು. ಜುಲೈ 9ರಂದು ವಿಯೆನ್ನಾ ವಿಮಾನ ನಿಲ್ದಾಣದಲ್ಲಿ ಅವರನ್ನು ಒಪ್ಪಿಸಿ, ರಷ್ಯಾದ ವಶದಲ್ಲಿದ್ದ ನಾಲ್ವರನ್ನು ಬಿಡಿಸಿಕೊಳ್ಳಲಾಯಿತು. ಈ ಪ್ರಕರಣವನ್ನು ಎತ್ತಿಕೊಂಡ ಲೇಖಕ ಜೋ ವೈಸ್‌ಬರ್ಗ್ ಕಥೆಯನ್ನು ಮೂವತ್ತು ವರ್ಷ ಹಿಂದಕ್ಕೆ, ಶೀತಲ ಸಮರದ ಕಾಲಕ್ಕೆ ಒಯ್ದರು. ಎರಡು ದೇಶಗಳು ಒಂದರ ಮೇಲೊಂದು ಅಣ್ವಸ್ತ್ರ ಗುರಿಯಿಟ್ಟು ಕೂತಿದ್ದ ದಿನಗಳಲ್ಲಿ ಇಂಥ ಬದುಕಿಗಿರುವ ಅಪಾಯವನ್ನು ಬಿಡಿಸಿ ಹೇಳಬೇಕಿಲ್ಲ. ವೈಸ್‌ಬರ್ಗ್ ಸ್ವತಃ 1990ರ ದಶಕದ ಆರಂಭದಲ್ಲಿ ಸಿಐಎಯಲ್ಲಿ ದುಡಿದವರು. ತಮ್ಮ ಉದ್ಯೋಗ ಯಾವುದೆಂದು ಸ್ವಂತ ಮಕ್ಕಳಿಗೇ ಸುಳ್ಳು ಹೇಳಿಕೊಂಡು ಬಾಳುವ ಸಹೋದ್ಯೋಗಿಗಳನ್ನು ಅವರು ಅಲ್ಲಿ ಕಂಡಿದ್ದರು. ಪೇಜ್ ಮತ್ತು ಹೆನ್ರಿಯ ಪಾತ್ರಗಳಿಗೆ ಬೀಜ ಅದು.

ಕಂತು ತೆರೆದುಕೊಳ್ಳುವುದು ಒಂದು ಬಾರಿನಲ್ಲಿ. ಹೊಂಬಣ್ಣದ ವಿಗ್ ತೊಟ್ಟ ಎಲಿಜಬೆತ್ (ಕೆರಿ ರಸೆಲ್) ಸರ್ಕಾರಿ ಅಧಿಕಾರಿಯೊಬ್ಬನನ್ನು ಮರುಳುಮಾಡಿ ಬಾಯಿ ಬಿಡಿಸುತ್ತಾಳೆ. ಅವಳಿಗೆ ಬೇಕಿರುವುದು ತಿಮೋಶೆವ್ ಎಂಬ ಕೆಜಿಬಿ ಕರ್ನಲ್‌ನ ಸುದ್ದಿ. ಅವನು ಅಮೆರಿಕದ ಕಡೆಗೆ ವಾಲಿ, ತನಗೆ ಗೊತ್ತಿರುವುದನ್ನೆಲ್ಲ ಎಫ್‌ಬಿಐಗೆ ಉಸುರುತ್ತಿದ್ದಾನೆ. ಅವನನ್ನು ಅಪಹರಿಸಿ, ಹಡಗು ಹತ್ತಿಸಿ, ಮಾಸ್ಕೋಗೆ ಸಾಗಹಾಕಬೇಕು. ರಾತ್ರಿಯ ಬೀದಿಗಳಲ್ಲಿ ಫ್ಲೀಟ್‌ವುಡ್ ಮ್ಯಾಕ್ ತಂಡದ ‘ಟಸ್ಕ್’ ಹಾಡಿನ ನಗಾರಿಯ ಬಡಿತಕ್ಕೆ ತಾಳ ಹಾಕಿದಂತೆ ಅಟ್ಟಾಟ ಸಾಗುತ್ತದೆ. ಸಂಭಾಷಣೆ ಇಲ್ಲವೆಂದರೂ ಸರಿ. ಕರ್ನಲ್ ಸಿಗುತ್ತಾನೆ, ಆದರೆ ಜೊತೆಗಾರ ರಾಬರ್ಟ್‌ಗೆ ಚೂರಿ ಇರಿತವಾಗುತ್ತದೆ. ಅವನನ್ನು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ಬರುವಷ್ಟರಲ್ಲಿ ಹಡಗು ಹೊರಟುಹೋಗಿರುತ್ತದೆ. ಬೇರೆ ದಾರಿ ಕಾಣದೆ ಕಾರಿನ ಡಿಕ್ಕಿಯಲ್ಲಿ ಕೈದಿಯನ್ನು ಕಟ್ಟಿಹಾಕಿಕೊಂಡು ಮನೆಗೆ ತಂದು ಗ್ಯಾರೇಜಿನಲ್ಲಿ ನಿಲ್ಲಿಸುತ್ತಾರೆ.

ಕಂತಿನ ಜಾಣತನ ಶುರುವಾಗುವುದು ಇಲ್ಲಿಂದ. ಮುಂದಿನ ಬಹುಪಾಲು ಆತಂಕವನ್ನು ಈ ಒಂದು ಡಿಕ್ಕಿಯೇ ಹೊತ್ತು ನಡೆಸುತ್ತದೆ. ಮಕ್ಕಳು ತಿಂಡಿ ತಿಂದು ಶಾಲೆಗೆ ಹೊರಡುವ ಮನೆಯಲ್ಲಿ, ಗೋಡೆಯಾಚೆಗೆ ಬಾಯಿ ಕಟ್ಟಿದ ಮನುಷ್ಯನೊಬ್ಬ ಬಿದ್ದಿದ್ದಾನೆ. ಸಾಲದ್ದಕ್ಕೆ ಎದುರುಮನೆಗೆ ಹೊಸ ಸಂಸಾರ ಬರುತ್ತದೆ. ಯಜಮಾನ ಸ್ಟ್ಯಾನ್ ಬೀಮನ್ (ನೋವಾ ಎಮರಿಚ್) ಎಫ್‌ಬಿಐನಲ್ಲಿ ವಿದೇಶಿ ಗೂಢಚಾರರನ್ನು ಹಿಡಿಯುವ ವಿಭಾಗದವನು. ಹೊಸಬರನ್ನು ಮಾತಾಡಿಸಲು ಜೆನ್ನಿಂಗ್ಸ್ ಕುಟುಂಬ ಬ್ರೌನಿ ಹಿಡಿದುಕೊಂಡು ಹೋಗುತ್ತದೆ. ಅವನ ಕೆಲಸ ಕೇಳಿದ ಮೇಲೂ ಗಂಡ ಹೆಂಡಿರ ಮುಖದ ನಗು ಮಾಸಬಾರದು.

ಫಿಲಿಪ್‌ಗೆ (ಮ್ಯಾಥ್ಯೂ ರೀಸ್) ಹೊಸ ಯೋಚನೆ ಹೊಳೆಯುತ್ತದೆ: ಕರ್ನಲ್‌ನನ್ನು ಒಪ್ಪಿಸಿ, ತಾವೂ ಅಮೆರಿಕಕ್ಕೆ ಶರಣಾಗಿ, ಹಣ ಪಡೆದು ಮಕ್ಕಳೊಂದಿಗೆ ನೆಮ್ಮದಿಯಾಗಿದ್ದರೇನು? ಅವನಿಗೆ ಈ ದೇಶ ಹಿಡಿಸಿಬಿಟ್ಟಿದೆ. ಅಂಗಡಿಯೊಂದರಲ್ಲಿ ಕೌಬಾಯ್ ಬೂಟು ತೊಟ್ಟು ಮಗಳ ಮುಂದೆ ಹೆಜ್ಜೆ ಹಾಕುವಾಗ ಅವನ ಮುಖದಲ್ಲಿ ನಟನೆ ಇಲ್ಲ. ಎಲಿಜಬೆತ್ ಬೇರೆ ಮಣ್ಣಿನವಳು. ಅವಳ ಸ್ವಭಾವವನ್ನು ಒಂದು ಹಿನ್ನೋಟ ತೋರಿಸಿಕೊಡುತ್ತದೆ: ಆಗತಾನೇ ಅಮೆರಿಕಕ್ಕೆ ಬಂದಿಳಿದ ಜೋಡಿ ಮೋಟೆಲ್ ಕೋಣೆಯಲ್ಲಿ ಏರ್ ಕಂಡೀಷನರ್ ಕಂಡು ಬೆರಗಾಗುತ್ತದೆ. ಅಂಥ ಸುಖದ ನಡುವೆ ನಿಂತೂ ಅವಳು ಲೆಕ್ಕ ಹಾಕುವುದು ಈ ಜನರ ದೌರ್ಬಲ್ಯವನ್ನು.

ಇಬ್ಬರ ಜಗಳ ಇತ್ಯರ್ಥವಾಗುವುದು ಸಿದ್ಧಾಂತದ ವಾದದಿಂದಲ್ಲ. ತರಬೇತಿಯಲ್ಲಿದ್ದ ಹದಿಹರೆಯದ ಎಲಿಜಬೆತ್ ಮೇಲೆ ಇದೇ ತಿಮೋಶೆವ್ ಅತ್ಯಾಚಾರ ಎಸಗಿದ್ದ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅದನ್ನು ಗಂಡನಿಗೆ ಹೇಳಿರಲಿಲ್ಲ. ಗ್ಯಾರೇಜಿನಲ್ಲಿ ವಿಷಯ ತಿಳಿದದ್ದೇ ತಡ, ಲಕ್ಷಾಂತರ ಡಾಲರ್ ತರಬಹುದಾಗಿದ್ದ ಕೈದಿಯನ್ನು ಫಿಲಿಪ್ ಅಲ್ಲೇ ಕೊಂದುಬಿಡುತ್ತಾನೆ. ದೇಶಕ್ಕಾಗಿ ಅಲ್ಲ, ಹೆಂಡತಿಗಾಗಿ. ಕಾಗದದ ಮೇಲಿನ ಮದುವೆ ಸುಮಾರು ಹದಿನೈದು ವರ್ಷಗಳ ನಂತರ ನಿಜವಾಗುವುದು ಆ ರಾತ್ರಿ. ಹೆಣ ವಿಲೇವಾರಿ ಮಾಡಿದ ಮೇಲೆ, 1981ರ ಜನವರಿಯಲ್ಲಷ್ಟೇ ಬಿಡುಗಡೆಯಾಗಿದ್ದ ಫಿಲ್ ಕಾಲಿನ್ಸ್‌ನ ‘ಇನ್ ದಿ ಏರ್ ಟುನೈಟ್’ ಕೇಳಿಬರುತ್ತಿರುವಾಗ ಇಬ್ಬರೂ ಹತ್ತಿರವಾಗುತ್ತಾರೆ. ಎಲಿಜಬೆತ್ ತನ್ನ ನಿಜನಾಮ ನಾದೆಜ್ದಾ ಎಂದು ಗಂಡನಿಗೆ ಮೊದಲ ಸಲ ಹೇಳುತ್ತಾಳೆ. ಪರಸ್ಪರರ ಹಿಂದಿನ ಬದುಕಿನ ಬಗ್ಗೆ ಬಾಯಿಬಿಡಕೂಡದೆಂಬುದು ಕೆಜಿಬಿಯ ಕಟ್ಟಪ್ಪಣೆಯಾಗಿತ್ತು.

ಗೂಢಚಾರ ಹಿಡಿಯುವವನೇ ಎದುರುಮನೆಗೆ ಬರುವುದು ಕಾಕತಾಳೀಯ ಎನ್ನುವುದಕ್ಕೂ ಸ್ವಲ್ಪ ಹೆಚ್ಚೇ. ಬರಹಗಾರರಿಗೂ ಇದು ತಿಳಿದಿದ್ದಂತಿದೆ. ಸ್ಟ್ಯಾನ್‌ನ ಮೂಗಿಗೆ ಬೇಗನೆ ವಾಸನೆ ಬಡಿಯುವಂತೆ ಮಾಡಿದ್ದಾರೆ. ಕೊನೆಗೆ ಅವನು ಕಳ್ಳಹೆಜ್ಜೆಯಲ್ಲಿ ಜೆನ್ನಿಂಗ್ಸ್ ಗ್ಯಾರೇಜಿಗೆ ನುಗ್ಗಿ ಡಿಕ್ಕಿ ತೆರೆಯುತ್ತಾನೆ. ಒಳಗೆ ಏನೂ ಇಲ್ಲ. ಕತ್ತಲಲ್ಲಿ ಪಿಸ್ತೂಲು ಹಿಡಿದು ನಿಂತ ಫಿಲಿಪ್ ಅವನಿಗೆ ಕಾಣುವುದಿಲ್ಲ. ಸ್ಟ್ಯಾನ್ ಸಮಾಧಾನಗೊಂಡು ಮರಳುತ್ತಾನೆ. ಮುಂದಿನ ಕಂತುಗಳಲ್ಲಿ ಬೆಳೆಯುವ ಇಬ್ಬರ ಗೆಳೆತನಕ್ಕೆ ತಳಪಾಯ ಈ ತಪ್ಪು ಸಮಾಧಾನವೇ.

ನಿರ್ದೇಶಕ ಗ್ಯಾವಿನ್ ಓ’ಕಾನರ್ ರೂಪಿಸಿದ ಈ ಕಂತು ಹೂಡಿದ ಕಥೆ ಆರು ಸರಣಿ, 75 ಕಂತುಗಳವರೆಗೆ ಸಾಗಿ 2018ರ ಮೇ 30ರಂದು ಮುಗಿಯಿತು. ಅದೇ ವರ್ಷ ಮ್ಯಾಥ್ಯೂ ರೀಸ್‌ಗೆ ಶ್ರೇಷ್ಠ ನಟ, ವೈಸ್‌ಬರ್ಗ್ ಮತ್ತು ಜೋಯಲ್ ಫೀಲ್ಡ್ಸ್‌ಗೆ ಅಂತಿಮ ಕಂತಿನ ಬರವಣಿಗೆಗಾಗಿ ಎಮ್ಮಿ ಪ್ರಶಸ್ತಿಗಳು ಸಂದವು.