ಚಕ್ರ, ಬಿಲ್ಲೆ, ಬೆಳಕಿನ ಹಲಗೆ: ಟಿ.ವಿ. ಆಟಗಳ ಹಿಂದಿನ ಲೆಕ್ಕ

ಟಿ.ವಿ. ಗೇಮ್ ಶೋ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಮೊದಲು ನೆನಪಾಗುವುದು ‘ಕನ್ನಡದ ಕೋಟ್ಯಧಿಪತಿ’. 2012ರಲ್ಲಿ ಪುನೀತ್ ರಾಜ್‌ಕುಮಾರ್ ಅದನ್ನು ನಡೆಸಿಕೊಡಲು ಆರಂಭಿಸಿದಾಗ ನಾವೆಲ್ಲ ಅಂಗನವಾಡಿಯ ಮಕ್ಕಳು. ಈಗ ಯೂಟ್ಯೂಬಿನಲ್ಲಿ ನೋಡುತ್ತೇವೆ. ನಡುವೆ ಎರಡು ಕುರ್ಚಿ, ಎದುರಿಗೆ ಕಂಪ್ಯೂಟರ್ ಪರದೆ, ಸುತ್ತ ಮಬ್ಬು ಬೆಳಕಿನಲ್ಲಿ ಜನ. ಪ್ರಶ್ನೆಯ ಮೊತ್ತ ಏರಿದಂತೆ ದೀಪಗಳೂ ಸಂಗೀತವೂ ಬದಲಾಗುತ್ತವೆ. ಇದರ ಮೂಲ 1998ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’. ಆದರೆ ಅಲ್ಲಿ ಸೆಟ್ ಏನನ್ನೂ ನಿರ್ಧರಿಸುವುದಿಲ್ಲ. ಉತ್ತರ ಗೊತ್ತಿದ್ದರೆ ಗೆದ್ದಿರಿ, ಇಲ್ಲವಾದರೆ ಇಲ್ಲ. ಸೆಟ್ಟಿನ ಕೆಲಸ ಹೆದರಿಸುವುದಷ್ಟೇ.

ನಾನು ಹೇಳಹೊರಟಿರುವುದು ಇನ್ನೊಂದು ಬಗೆಯ ಆಟಗಳ ಬಗ್ಗೆ. ಅವುಗಳಲ್ಲಿ ವೇದಿಕೆಯ ಮೇಲಿರುವ ವಸ್ತುವೇ ಸೋಲು ಗೆಲುವು ತೀರ್ಮಾನಿಸುತ್ತದೆ. ಒಂದು ಚಕ್ರ, ಒಂದು ಹಲಗೆ, ಒಂದಿಷ್ಟು ದೀಪ. ಇಂಥವು ಹೆಚ್ಚಾಗಿ ಅಮೆರಿಕದವು. ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡಿರುವ ನಮ್ಮಂಥ ಕಾಮರ್ಸ್ ವಿದ್ಯಾರ್ಥಿಗಳಿಗೆ ಅವು ಒಳ್ಳೆಯ ಪಾಠ. ಬೈನಾಮಿಯಲ್ ಡಿಸ್ಟ್ರಿಬ್ಯೂಶನ್ ನನಗೆ ಸರಿಯಾಗಿ ತಲೆಗೆ ಹತ್ತಿದ್ದು ಇವುಗಳಿಂದಲೇ.

ಮೊದಲು ಚಕ್ರ. 1975ರಲ್ಲಿ ಶುರುವಾದ ‘ವ್ಹೀಲ್ ಆಫ್ ಫಾರ್ಚೂನ್’ ಈಗಲೂ ನಡೆಯುತ್ತಿದೆ. ಅದರ ಚಕ್ರ ನೆಲಕ್ಕೆ ಸಮವಾಗಿ ಮಲಗಿರುತ್ತದೆ. ತೂಕ ಸುಮಾರು 2,400 ಪೌಂಡ್, ಅಂದರೆ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು. ಒಟ್ಟು 24 ಭಾಗಗಳು, ಒಂದೊಂದಕ್ಕೆ ಮೂರರಂತೆ 72 ಗೂಟಗಳು. ಚಕ್ರ ತಿರುಗುವಾಗ ಕೇಳುವ ಟಕಟಕ ಸದ್ದು ಈ ಗೂಟಗಳು ಬಾಣದ ಗುರುತಿಗೆ ಬಡಿಯುವುದರಿಂದ ಬರುತ್ತದೆ. ಪ್ರತಿ ಬಡಿತದಲ್ಲೂ ಚಕ್ರದ ವೇಗ ಸ್ವಲ್ಪ ಕಡಿಮೆಯಾಗುತ್ತದೆ. ‘ಬ್ಯಾಂಕ್ರಪ್ಟ್’ ಎಂಬ ಭಾಗದಲ್ಲಿ ನಿಂತರೆ ಆ ಸುತ್ತಿನಲ್ಲಿ ಗಳಿಸಿದ ಹಣವೆಲ್ಲ ಹೋಯಿತು. ನಮ್ಮ ಅಕೌಂಟೆನ್ಸಿ ಪುಸ್ತಕದ ದಿವಾಳಿಯಂತೆ ನೋಟಿಸು, ವಕೀಲರು ಏನೂ ಇಲ್ಲ.

2008ರಿಂದ ಆ ಚಕ್ರಕ್ಕೆ ಹತ್ತು ಲಕ್ಷ ಡಾಲರಿನ ಭಾಗವೊಂದು ಬಂತು. (ಅದರ ಮೇಲೆ ನಿಂತ ಮಾತ್ರಕ್ಕೆ ಹಣ ಸಿಗದು, ಕೊನೆಯ ಸುತ್ತಿನವರೆಗೆ ಉಳಿಸಿಕೊಂಡು ಹೋಗಬೇಕು.) ಅದನ್ನು ಮಾಡಿರುವ ರೀತಿ ನೋಡಿ: ಒಂದು ಭಾಗವನ್ನು ಮೂರಾಗಿ ಸೀಳಿ, ನಡುವಿನ ಪಟ್ಟಿಗೆ ಹತ್ತು ಲಕ್ಷ, ಅದರ ಎಡಕ್ಕೂ ಬಲಕ್ಕೂ ಬ್ಯಾಂಕ್ರಪ್ಟ್. ಅಂದರೆ ಅತಿ ದೊಡ್ಡ ಬಹುಮಾನ 72ರಲ್ಲಿ ಒಂದೇ ಒಂದು ಗೂಟದ ಜಾಗ, ಅದರ ಎರಡೂ ಮಗ್ಗುಲಲ್ಲಿ ಸರ್ವನಾಶ.

ಇದು ಆಕಸ್ಮಿಕವಿರಬಹುದು ಅಂದುಕೊಂಡೆ. ಆಮೇಲೆ ‘ದ ಪ್ರೈಸ್ ಈಸ್ ರೈಟ್’ ನೋಡಿದೆ. ಅಲ್ಲಿ ಆಳೆತ್ತರಕ್ಕೂ ಮೀರಿದ ನಿಂತ ಚಕ್ರವೊಂದಿದೆ. ಅದರಲ್ಲಿ 20 ಪಟ್ಟಿಗಳು: 5 ಸೆಂಟ್, 10 ಸೆಂಟ್ ಎಂದು ಐದೈದು ಏರುತ್ತ 1 ಡಾಲರಿನವರೆಗೆ. ಆದರೆ ಅವು ಸಾಲಾಗಿ ಇಲ್ಲ. 1 ಡಾಲರಿನ ಒಂದು ಪಕ್ಕದಲ್ಲಿ 5 ಸೆಂಟ್, ಇನ್ನೊಂದು ಪಕ್ಕದಲ್ಲಿ 15 ಸೆಂಟ್. ಮತ್ತೆ ಅದೇ ಉಪಾಯ. ದೊಡ್ಡದರ ಪಕ್ಕದಲ್ಲಿ ಅತಿ ಚಿಕ್ಕದನ್ನು ಇಡುವುದು. ಚಕ್ರವನ್ನು ಜೋರಾಗಿ ತಿರುಗಿಸಿದರೆ ಯಾವ ಪಟ್ಟಿ ಎಲ್ಲಿದೆ ಎಂಬುದರಿಂದ ಸಂಭವನೀಯತೆ ಬದಲಾಗುವುದಿಲ್ಲ, ಪ್ರತಿಯೊಂದಕ್ಕೂ 20ರಲ್ಲಿ 1. ಬದಲಾಗುವುದು ನೋಡುವವರ ಬಾಯಿಂದ ಬರುವ ‘ಅಯ್ಯೋ, ಸ್ವಲ್ಪದರಲ್ಲಿ ತಪ್ಪಿತು’ ಎಂಬ ಉದ್ಗಾರ. ಕಾರ್ಯಕ್ರಮದವರಿಗೆ ಇದರಿಂದ ಒಂದು ಪೈಸೆ ಹೆಚ್ಚು ಖರ್ಚಿಲ್ಲ.

ಈ ಚಕ್ರದಲ್ಲಿ ಇನ್ನೊಂದು ಸೊಗಸಿದೆ. ಆಟಗಾರರು ಒಂದು ಅಥವಾ ಎರಡು ಸಲ ತಿರುಗಿಸಬಹುದು, ಒಟ್ಟು 1 ಡಾಲರ್ ಮೀರಬಾರದು. ಮೊದಲ ಸಲ 60 ಸೆಂಟ್ ಬಂತು ಎನ್ನಿ. ಮತ್ತೆ ತಿರುಗಿಸಿದರೆ 45 ಅಥವಾ ಅದಕ್ಕಿಂತ ಹೆಚ್ಚು ಬಂದಾಗ ಔಟ್. ಅಂಥ ಪಟ್ಟಿಗಳು 12, ಅಂದರೆ ಶೇ 60. ಮೊದಲು 35 ಬಂದಿದ್ದರೆ? ಔಟ್ ಮಾಡುವ ಪಟ್ಟಿಗಳು 7, ಅಂದರೆ ಶೇ 35. ಕೈಯಲ್ಲಿ ಎಷ್ಟು ಸೆಂಟ್ ಇದೆಯೋ ಅಷ್ಟೇ ಶೇಕಡಾ ಅಪಾಯ! ಬೇಕಾದ ಸಂಖ್ಯೆ ಹಾಕಿ ನೋಡಿ, ತಪ್ಪುವುದಿಲ್ಲ.

ಅದೇ ಕಾರ್ಯಕ್ರಮದಲ್ಲಿ 1983ರ ಜನವರಿಯಲ್ಲಿ ಬಂದದ್ದು ‘ಪ್ಲಿಂಕೊ’. ನನ್ನ ಮಟ್ಟಿಗೆ ಎಲ್ಲ ಹಲಗೆಗಳ ರಾಜ. ಗೂಟ ಹೊಡೆದ ಎತ್ತರದ ಓರೆ ಹಲಗೆ. ಮೇಲಿನಿಂದ ದುಂಡು ಬಿಲ್ಲೆ ಬಿಟ್ಟರೆ ಅದು ಗೂಟದಿಂದ ಗೂಟಕ್ಕೆ ಬಡಿದುಕೊಂಡು ಕೆಳಗಿನ ಒಂಬತ್ತು ಖಾನೆಗಳಲ್ಲಿ ಒಂದಕ್ಕೆ ಬೀಳುತ್ತದೆ. 19ನೇ ಶತಮಾನದಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ ಇಂಥದೇ ಚಿಕ್ಕ ಹಲಗೆ ಮಾಡಿ ಸಣ್ಣ ಗುಂಡುಗಳನ್ನು ಬಿಟ್ಟು ತೋರಿಸಿದ್ದ. ಪ್ರತಿ ಗೂಟದಲ್ಲೂ ಎಡ ಅಥವಾ ಬಲ. ನಾಲ್ಕು ಸಾಲು ಗೂಟವಿದ್ದರೆ 16 ದಾರಿಗಳು; ಕೆಳಗಿನ ಐದು ಖಾನೆಗಳಿಗೆ ಹೋಗುವ ದಾರಿಗಳು ಕ್ರಮವಾಗಿ 1, 4, 6, 4, 1. ನಡುವಿಗೆ ಹೆಚ್ಚು ದಾರಿ, ಅಂಚಿಗೆ ಒಂದೇ. ಇದೇ ನಮ್ಮ ಬೈನಾಮಿಯಲ್. ಟಿ.ವಿ.ಯ ಬಿಲ್ಲೆ ಗೋಡೆಗೂ ಬಡಿದು ವಾಪಸು ಬರುವುದರಿಂದ ಲೆಕ್ಕ ಅಷ್ಟು ಅಚ್ಚುಕಟ್ಟಲ್ಲ, ಆದರೂ ನಡುವೆ ಬಿಟ್ಟ ಬಿಲ್ಲೆ ನಡುವಿನ ಸುತ್ತಮುತ್ತಲೇ ಬೀಳುವುದು ಹೆಚ್ಚು.

ಹಾಗಾದರೆ ನಡುವಿನ ಖಾನೆಯಲ್ಲಿ ದೊಡ್ಡ ಬಹುಮಾನ ಇಟ್ಟರೆ ಕಾರ್ಯಕ್ರಮಕ್ಕೆ ನಷ್ಟವಲ್ಲವೇ? ನಡುವೆ ಇರುವುದು 10,000 ಡಾಲರ್ (1998ಕ್ಕೆ ಮುಂಚೆ 5,000). ಅದರ ಎರಡೂ ಪಕ್ಕದಲ್ಲಿ ಏನಿದೆ ಎಂದು ಈಗ ನೀವೇ ಊಹಿಸಿರುತ್ತೀರಿ: ಸೊನ್ನೆ. ಆಮೇಲೆ ಎರಡೂ ಕಡೆ 1,000, 500, 100. ಒಂಬತ್ತೂ ಖಾನೆಗೆ ಸಮಾನ ಅವಕಾಶ ಎಂದು ಸುಮ್ಮನೆ ಹಿಡಿದರೂ ಒಂದು ಬಿಲ್ಲೆಯ ಸರಾಸರಿ 13,200 ಭಾಗಿಸು 9, ಅಂದರೆ ಸುಮಾರು 1,467 ಡಾಲರ್. ಐದು ಬಿಲ್ಲೆ ಸಿಕ್ಕವರಿಗೆ ‘50,000 ಗೆಲ್ಲಬಹುದು’ ಎಂದು ಕೂಗಿ ಹೇಳುತ್ತಾರೆ. ಈ ಲೆಕ್ಕದ ಪ್ರಕಾರ ಖರ್ಚಿನ ಪುಸ್ತಕದಲ್ಲಿ ಬರೆಯಬೇಕಾದದ್ದು 7,300ರ ಆಸುಪಾಸು. ಜಾಹೀರಾತಿಗೆ ಒಂದು ಅಂಕಿ, ಲೆಡ್ಜರಿಗೆ ಇನ್ನೊಂದು.

ಇದರಲ್ಲಿ ಮೋಸವಿಲ್ಲ ಎಂಬುದನ್ನು ಗಮನಿಸಬೇಕು. ಖಾನೆಗಳೂ ಗೂಟಗಳೂ ಎಲ್ಲರ ಕಣ್ಣೆದುರು ಇವೆ, ಎಣಿಸುವವರು ಎಣಿಸಬಹುದು. ಅಮೆರಿಕದಲ್ಲಿ 1950ರ ದಶಕದಲ್ಲಿ ಕ್ವಿಜ್ ಕಾರ್ಯಕ್ರಮಗಳು ಆಟಗಾರರಿಗೆ ಮೊದಲೇ ಉತ್ತರ ಹೇಳಿಕೊಟ್ಟು ಸಿಕ್ಕಿಬಿದ್ದವು. 1960ರಲ್ಲಿ ಅಂಥ ಮೋಸವನ್ನು ಕಾನೂನೇ ನಿಷೇಧಿಸಿತು. ಹಾಗಾಗಿ ಅವರು ಬಹಳ ಎಚ್ಚರ. 2008ರಲ್ಲಿ ಒಮ್ಮೆ ಪ್ಲಿಂಕೊ ಹಲಗೆಯಲ್ಲಿ ಜಾಹೀರಾತು ಚಿತ್ರೀಕರಣಕ್ಕೆಂದು, ಬಿಲ್ಲೆ ನಡುವೆಯೇ ಬೀಳುವಂತೆ ಕಣ್ಣಿಗೆ ಕಾಣದ ಮೀನುದಾರ ಕಟ್ಟಿದ್ದರು. ಬಿಚ್ಚಲು ಮರೆತರು. ಆಟಗಾರ್ತಿಯ ಮೂರು ಬಿಲ್ಲೆಗಳು ಸಾಲಾಗಿ 10,000ಕ್ಕೆ ಬಿದ್ದವು. ಆಟ ನಿಲ್ಲಿಸಿ ದಾರ ತೆಗೆದು ಮೊದಲಿನಿಂದ ಆಡಿಸಿದರು. ಆಕೆಯ 30,000 ಡಾಲರ್ ಆಕೆಗೇ ಬಿಟ್ಟರು, ಆ ಭಾಗವನ್ನು ಪ್ರಸಾರ ಮಾಡಲಿಲ್ಲ.

ಗೂಟಗಳ ಜಾಗಕ್ಕೆ ಬಲ್ಬು ಬಂದಾಗ ಕಥೆ ಬದಲಾಯಿತು. ಸಿಬಿಎಸ್ ವಾಹಿನಿಯ ‘ಪ್ರೆಸ್ ಯುವರ್ ಲಕ್’ನಲ್ಲಿ 18 ಚೌಕಗಳ ದೊಡ್ಡ ಹಲಗೆ. ಬೆಳಕು ಚೌಕದಿಂದ ಚೌಕಕ್ಕೆ ಹಾರುತ್ತಿರುತ್ತದೆ, ಆಟಗಾರ ಗುಂಡಿ ಒತ್ತಿದಾಗ ನಿಲ್ಲುತ್ತದೆ. ಹಣ ಬರಬಹುದು, ಇಲ್ಲವೇ ‘ವ್ಯಾಮಿ’ ಎಂಬ ಕೆಂಪು ಕಾರ್ಟೂನ್ ಪಿಶಾಚಿ ಬಂದು ಇದ್ದದ್ದನ್ನೆಲ್ಲ ನುಂಗಬಹುದು. ಸುಮಾರು ಆರರಲ್ಲಿ ಒಂದು ಸಲ ವ್ಯಾಮಿ.

ಒಹಾಯೊದ ಮೈಕೆಲ್ ಲಾರ್ಸನ್ ಈ ಕಾರ್ಯಕ್ರಮವನ್ನು ಮನೆಯಲ್ಲಿ ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿ, ನಿಲ್ಲಿಸಿ ನಿಲ್ಲಿಸಿ ನೋಡಿದ. ಬೆಳಕು ಮನಬಂದಂತೆ ಹಾರುತ್ತಿರಲಿಲ್ಲ. ಐದೇ ಐದು ಮಾದರಿಗಳು ಮತ್ತೆ ಮತ್ತೆ ಬರುತ್ತಿದ್ದವು. 4 ಮತ್ತು 8ನೇ ಚೌಕಗಳಲ್ಲಿ ವ್ಯಾಮಿ ಬರುವುದೇ ಇಲ್ಲ ಎಂಬುದೂ ತಿಳಿಯಿತು. ಐದೂ ಮಾದರಿಗಳನ್ನು ಬಾಯಿಪಾಠ ಮಾಡಿ 1984ರ ಮೇ ತಿಂಗಳಲ್ಲಿ ಆಡಲು ಬಂದ. ಮೊದಲ ಸಲ ಒತ್ತಿದಾಗ ವ್ಯಾಮಿಯೇ ಬಂತು. ಆಮೇಲೆ ಹದ ಸಿಕ್ಕಿತು. ನಲವತ್ತಕ್ಕೂ ಹೆಚ್ಚು ಸಲ ವ್ಯಾಮಿ ಬರಲೇ ಇಲ್ಲ, ಒಟ್ಟು 1,10,237 ಡಾಲರ್ ಗೆದ್ದ. ವಿಡಿಯೋ ಗಮನಿಸಿ: ಗುಂಡಿ ಒತ್ತಿದ ಕೂಡಲೇ ಸಂಭ್ರಮಿಸುತ್ತಾನೆ, ಏನು ಬಂತು ಎಂದು ನೋಡಲೂ ಕಾಯುವುದಿಲ್ಲ. ಬರೀ ಅದೃಷ್ಟದಿಂದ 40 ಸಲ ತಪ್ಪಿಸಿಕೊಳ್ಳುವ ಸಂಭವನೀಯತೆ 5/6ರ 40ನೇ ಘಾತ, ಸುಮಾರು 0.0007. ಸಾವಿರಕ್ಕೆ ಒಂದು ಕೂಡ ಇಲ್ಲ. ವಾಹಿನಿಯವರು ತಲೆ ಕೆಡಿಸಿಕೊಂಡರು, ಆದರೆ ಅವನು ಯಾವ ನಿಯಮವನ್ನೂ ಮುರಿದಿರಲಿಲ್ಲ. ಹಣ ಕೊಟ್ಟರು. ಆಮೇಲೆ ಮಾದರಿಗಳನ್ನು 32ಕ್ಕೆ ಏರಿಸಿದರು.

ಅದೇ 1984ರ ಮೇ ತಿಂಗಳಲ್ಲಿ ಇನ್ನೊಂದು ಘಟನೆ ನಡೆಯಿತು. ಇಂಗೆ ಟೆಲ್ನೇಸ್ ಎಂಬವರಿಗೆ ಕ್ಯಾಸಿನೊ ಯಂತ್ರದ ಒಂದು ಪೇಟೆಂಟ್ ಸಿಕ್ಕಿತು. ಅದರಲ್ಲಿ ತಿರುಗುವ ಚಕ್ರ ಏನನ್ನೂ ತೀರ್ಮಾನಿಸುವುದಿಲ್ಲ. ಒಳಗಿನ ಕಂಪ್ಯೂಟರ್ ಮೊದಲು ಒಂದು ಸಂಖ್ಯೆ ಆರಿಸುತ್ತದೆ, ಚಕ್ರ ಅದಕ್ಕೆ ತಕ್ಕಂತೆ ಬಂದು ನಿಲ್ಲುತ್ತದೆ. ಕಣ್ಣಿಗೆ 20 ಚಿತ್ರ ಸಮಾನವಾಗಿ ಕಂಡರೂ ಒಂದು ಚಿತ್ರಕ್ಕೆ ಹೆಚ್ಚು ಸಂಖ್ಯೆ, ಇನ್ನೊಂದಕ್ಕೆ ಒಂದೇ ಸಂಖ್ಯೆ ಕೊಡಬಹುದು. ಗೂಟ ಎಣಿಸಿ ಪ್ರಯೋಜನವಿಲ್ಲ.

ಇದೆಲ್ಲ ಜೂಜು ಅಲ್ಲವೇ ಎಂದು ನೀವು ಕೇಳಬಹುದು. ನಮ್ಮ ನಾನಿಯೂ ಮೊಬೈಲಿನಲ್ಲಿ ಚಕ್ರ ಕಂಡು ‘ಜುವಾಚ್ ನಾ ಯೆ?’ ಎಂದರು. ಮಸ್ಅಲಾ ಹೇಳಲು ಉಲಮಾ ಇದ್ದಾರೆ, ನಾನು ಲೆಕ್ಕ ಮಾತ್ರ ಹೇಳಬಲ್ಲೆ. ಪ್ಲಿಂಕೊ ಆಡುವವರು ಜೇಬಿನಿಂದ ಹಣ ಹಾಕುವುದಿಲ್ಲ, ಬಹುಮಾನದ ಖರ್ಚು ಕಾರ್ಯಕ್ರಮದವರದು, ಅವರ ಆದಾಯ ಜಾಹೀರಾತಿನದು. ಕ್ಯಾಸಿನೊದಲ್ಲಿ ಆದಾಯ ಎಂದರೆ ಆಡುವವರ ನಷ್ಟವೇ.

ಈಗ ನಮ್ಮ ಮೊಬೈಲಿಗೆ ಬನ್ನಿ. ಶಾಪಿಂಗ್ ಆಪ್‌ಗಳಲ್ಲಿ ‘ಚಕ್ರ ತಿರುಗಿಸಿ, ಗೆಲ್ಲಿ’ ಎಂದು ಬರುತ್ತದೆ. ಎಂಟು ಬಣ್ಣದ ಭಾಗಗಳು: ಒಂದರಲ್ಲಿ ಫೋನ್, ಒಂದರಲ್ಲಿ ಇಯರ್‌ಫೋನ್, ಉಳಿದವುಗಳಲ್ಲಿ ಕೂಪನ್, ‘ಬೆಟರ್ ಲಕ್ ನೆಕ್ಸ್ಟ್ ಟೈಮ್’. ಫೋನಿನ ಪಕ್ಕದಲ್ಲಿ ಏನಿದೆ ಎಂದು ಒಮ್ಮೆ ನೋಡಿ. ಟಕಟಕ ಸದ್ದು ಇಲ್ಲೂ ಇದೆ, ಆದರೆ ಬಡಿಯಲು ಗೂಟವೇ ಇಲ್ಲ, ಅದು ಬರೀ ರೆಕಾರ್ಡಿಂಗ್. ಚಕ್ರದ ಚಿತ್ರದಲ್ಲಿ ಎಂಟು ಭಾಗ ಸಮಾನವಾಗಿದ್ದ ಮಾತ್ರಕ್ಕೆ ಎಂಟರಲ್ಲಿ ಒಂದು ಅವಕಾಶ ಎಂದಾಗುವುದಿಲ್ಲ. ಟೆಲ್ನೇಸ್ ಯಂತ್ರದಂತೆ ಪ್ರೋಗ್ರಾಂ ಮೊದಲೇ ಆರಿಸಿ, ಚಿತ್ರವನ್ನು ಆಮೇಲೆ ತಿರುಗಿಸಬಹುದು.

ನನ್ನ ಕ್ಲಾಸಿನ ಒಬ್ಬ ಗೆಳೆಯ ಅಂಥ ಒಂದು ಆಪ್‌ನಲ್ಲಿ ದಿನಕ್ಕೊಂದರಂತೆ 40 ಸಲ ತಿರುಗಿಸಿದ್ದ. ‘ಇವತ್ತು ಒಂದೇ ಒಂದು ಮನೆಯಲ್ಲಿ ತಪ್ಪಿತು’ ಎಂದು ಎಷ್ಟೋ ದಿನ ಬಂದು ಹೇಳುತ್ತಿದ್ದ. ಫೋನ್ ಒಮ್ಮೆಯೂ ಬರಲಿಲ್ಲ. ಪ್ರತಿ ಸಲ ಎಂಟರಲ್ಲಿ ಒಂದು ಅವಕಾಶ ನಿಜವಾಗಿದ್ದರೆ, 40 ಸಲವೂ ಬಾರದಿರುವ ಸಂಭವನೀಯತೆ 7/8ರ 40ನೇ ಘಾತ. ಲಾರ್ಸನ್‌ಗೆ ಮಾಡಿದ ಅದೇ ಲೆಕ್ಕ, ಉತ್ತರ ಸುಮಾರು 0.005, ಇನ್ನೂರರಲ್ಲಿ ಒಂದು. ಇಬ್ಬರೂ ಕೂತು ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ಮಾಡಿದೆವು. ಅವನು ಆಪ್ ತೆರೆದು ಸಣ್ಣಕ್ಷರದ ಷರತ್ತುಗಳನ್ನು ಕೊನೆಯವರೆಗೆ ಓದಿದ. ಯಾವ ಭಾಗಕ್ಕೆ ಎಷ್ಟು ಅವಕಾಶ ಎಂದು ಎಲ್ಲೂ ಬರೆದಿರಲಿಲ್ಲ.